ಕ್ಯಾನ್ಸರ್ ಸಂಶೋಧನೆಯಲ್ಲಿ ವಿದ್ಯಾಸಂಸ್ಥೆಗಳ ಸಹಯೋಗ: ಮುಂಬಯಿ ನಗರದ ನಿದರ್ಶನ

ಕ್ಯಾನ್ಸರ್ ಎಂಬ ಲ್ಯಾಟಿನ್ ಶಬ್ದಕ್ಕೆ ಏಡಿ ಎಂದು ಅರ್ಥ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬರುವ ಅರ್ಬುದ ಎಂಬ ಮಾತು ಶರೀರದಲ್ಲಿ ಗಂಟಾಗಿ ಬೆಳೆಯುವ ವ್ಯಾಧಿಯನ್ನು ಸೂಚಿಸುತ್ತದೆ. ಹೆಸರು ಯಾವುದೇ ಇರಲಿ, ರೋಗದ ಸ್ವರೂಪ ಒಂದೇ: ಶರೀರದ ಕೆಲವು ಜೀವಕೋಶಗಳು ತಮ್ಮ ಕಟ್ಟುಪಾಡನ್ನು ಮೀರಿ ಮನಬಂದಂತೆ ವೃದ್ಧಿಹೊಂದಿ, ನೆರೆಯ ಅಂಗಗಳನ್ನು ಆಕ್ರಮಿಸಿ, ಕೊನೆಗೆ ದೂರದ ಅಂಗಗಳಿಗೂ ವ್ಯಾಪಿಸುತ್ತವೆ. 2022ನೆಯ ಇಸವಿಯ ಅಂತರರಾಷ್ಟ್ರೀಯ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಜನರಿಗೆ ಈ ರೋಗ ಹೊಸದಾಗಿ ತಗುಲಿತು. 9 ಲಕ್ಷಕ್ಕೂ ಹೆಚ್ಚು ಜನರು ಅದರಿಂದ ಮರಣ ಹೊಂದಿದರು.

ಇಷ್ಟು ವ್ಯಾಪಕವಾದ ರೋಗವನ್ನು ಒಂದು ಆಸ್ಪತ್ರೆಯಾಗಲಿ ಒಂದು ಪ್ರಯೋಗಶಾಲೆಯಾಗಲಿ ಏಕಾಕಿಯಾಗಿ ಎದುರಿಸಲಾರದು. ಆಸ್ಪತ್ರೆಯಲ್ಲಿ ರೋಗಿಗಳೂ ಅನುಭವಿ ವೈದ್ಯರೂ ಇರುತ್ತಾರೆ. ಆದರೆ ರೋಗದ ಮೂಲಕಾರಣವನ್ನು ಹುಡುಕಲು ಬೇಕಾದ ಬಿಡುವು ಅಲ್ಲಿ ದುರ್ಲಭ. ವಿಶ್ವವಿದ್ಯಾನಿಲಯದಲ್ಲಿ ರಸಾಯನ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರಗಳ ಪಂಡಿತರೂ ಕಲಿಯುವ ತರುಣರೂ ಇರುತ್ತಾರೆ. ಆದರೆ ರೋಗಿಯ ಹಾಸಿಗೆ ಅಲ್ಲಿಂದ ದೂರ. ಈ ಎರಡೂ ಕೂಡಿದಾಗ ಮಾತ್ರ ಜ್ಞಾನವು ಚಿಕಿತ್ಸೆಯಾಗಿ ಪರಿಣಮಿಸುತ್ತದೆ. ಆದರೆ ಕೂಡುವಿಕೆಯೇ ಗುರಿಯಲ್ಲ. ಕೂಡಿ ಪಡೆದ ಫಲವು ಯಾರ ಮನೆಯ ಬಾಗಿಲಿಗೆ ತಲುಪಿತು ಎಂಬುದೇ ಅದರ ನಿಜವಾದ ಬೆಲೆಯನ್ನು ನಿರ್ಧರಿಸುತ್ತದೆ. ಈ ದೃಷ್ಟಿಯಿಂದ ಮುಂಬಯಿ ನಗರದ ಎಂಟು ದಶಕಗಳಿಗೂ ಮಿಕ್ಕಿದ ಅನುಭವವು ವಿಚಾರಾರ್ಹವಾಗಿದೆ.

ಪರೇಲಿನಲ್ಲಿ ಮೊದಲ ಹೆಜ್ಜೆ

ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಕೆಯ ಸ್ಮರಣಾರ್ಥವಾಗಿ 1932ರಲ್ಲಿ ಸ್ಥಾಪಿತವಾದ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ದೇಶವಿದೇಶಗಳ ವಿದ್ವಾಂಸರಿಗೆ ಸಂಶೋಧನ ವೇತನವನ್ನು ಕೊಡತೊಡಗಿತು. 1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ಆರಂಭವಾಯಿತು; ಆಗ ಅಲ್ಲಿ 80 ಹಾಸಿಗೆಗಳಿದ್ದುವು. 1952ರಲ್ಲಿ ಅದರ ಮಗ್ಗುಲಿನಲ್ಲಿಯೇ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಎಂಬ ಸಂಶೋಧನಾಲಯ ಹುಟ್ಟಿಕೊಂಡಿತು. ಆಸ್ಪತ್ರೆಯ ಆಡಳಿತವು 1957ರಲ್ಲಿ ಕೇಂದ್ರ ಸರಕಾರದ ಆರೋಗ್ಯ ಸಚಿವಾಲಯಕ್ಕೂ 1962ರಲ್ಲಿ ಅಣುಶಕ್ತಿ ಇಲಾಖೆಗೂ ಬಂದಿತು. 1966ರಲ್ಲಿ ಆಸ್ಪತ್ರೆ ಮತ್ತು ಸಂಶೋಧನಾಲಯಗಳೆರಡೂ ಟಾಟಾ ಸ್ಮಾರಕ ಕೇಂದ್ರವೆಂಬ ಒಂದೇ ಸಂಸ್ಥೆಯ ಎರಡು ಶಾಖೆಗಳಾದುವು. ಸಂಶೋಧನ ಶಾಖೆಯು 2002ರಲ್ಲಿ ನವಮುಂಬಯಿಯ ಖಾರ್‌ಘರಿಗೆ ಸ್ಥಳಾಂತರ ಹೊಂದಿತು.

ಸಂಶೋಧನಾಲಯದ ಮೊದಲ ನಿರ್ದೇಶಕರು ಡಾಕ್ಟರ್ ವಸಂತ ರಾಮ್‌ಜಿ ಖಾನೋಲ್ಕರ್. ರೋಗನಿದಾನ ಶಾಸ್ತ್ರದಲ್ಲಿ ಪಾರಂಗತರಾಗಿದ್ದ ಇವರು 1960ರಿಂದ 1963ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆಗಿದ್ದರು. ಆಸ್ಪತ್ರೆ, ಸಂಶೋಧನಾಲಯ, ವಿಶ್ವವಿದ್ಯಾನಿಲಯ ಈ ಮೂರನ್ನೂ ಒಬ್ಬ ವಿದ್ವಾಂಸರ ಜೀವನವೇ ಹೀಗೆ ಬೆಸೆಯಿತು. ಸಂಶೋಧನಾಲಯದ ತರುಣರು ಮುಂಬಯಿ ವಿಶ್ವವಿದ್ಯಾನಿಲಯದ ಪಿಎಚ್.ಡಿ. ಪದವಿಗಾಗಿ ಪ್ರಬಂಧಗಳನ್ನು ಸಿದ್ಧಪಡಿಸುವ ಪರಿಪಾಠವೂ ಬೆಳೆಯಿತು.

ಎಲೆಯಡಿಕೆ ಮತ್ತು ಹೊಗೆಸೊಪ್ಪು

ಖಾನೋಲ್ಕರರು 1944ರಲ್ಲಿ ಪ್ರಕಟಿಸಿದ ಒಂದು ಲೇಖನವು ಮುಂಬಯಿಯಲ್ಲಿ ಅನುಕ್ರಮವಾಗಿ ಬಂದ 1000 ಬಾಯಿಯ ಕ್ಯಾನ್ಸರ್ ರೋಗಿಗಳ ಸಮೀಕ್ಷೆಯಾಗಿತ್ತು. ಪಾಶ್ಚಾತ್ಯ ದೇಶಗಳಲ್ಲಿ ವಿರಳವಾದ ಈ ಬಗೆಯ ಕ್ಯಾನ್ಸರ್ ಇಲ್ಲಿ ಇಷ್ಟು ಹೇರಳವಾಗಿರಲು ಕಾರಣವೇನು? ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆಯನ್ನು ಜಗಿಯುವ ಅಭ್ಯಾಸದ ಕಡೆಗೆ ಆತನ ಅಧ್ಯಯನಗಳು ಬೆರಳು ತೋರಿದುವು. ಆದರೆ ಆಸ್ಪತ್ರೆಗೆ ಬಂದ ರೋಗಿಗಳನ್ನು ಮಾತ್ರ ನೋಡಿ ಊರಿನ ಸ್ಥಿತಿಯನ್ನು ಪೂರ್ತಿಯಾಗಿ ಅರಿಯಲು ಬರುವುದಿಲ್ಲ. ಊರೂರಿಗೆ ಹೋಗಿ ಮನೆಮನೆಯನ್ನು ನೋಡಬೇಕು.

ಈ ಕೆಲಸವನ್ನು ಕೈಗೊಂಡುದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದಂತಸಂಶೋಧನ ಘಟಕ. ಡಾಕ್ಟರ್ ಫಲಿ ಮೆಹತಾ ಅವರ ನೇತೃತ್ವದಲ್ಲಿದ್ದ ಈ ಘಟಕವು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ರಾಜಕೀಯ ದಂತವೈದ್ಯ ವಿದ್ಯಾಲಯದ ಪ್ರೊಫೆಸರ್ ಪಿಂಡ್‌ಬೋರ್ಗ್ ಅವರೊಡನೆ ಸಹಯೋಗ ಬೆಳೆಸಿತು. 1960ರ ದಶಕದಲ್ಲಿ ದೇಶದ ಐದು ಜಿಲ್ಲೆಗಳ 50,915 ಗ್ರಾಮಸ್ಥರ ಬಾಯಿಯನ್ನು ಪರೀಕ್ಷಿಸಿ, ಅವರ ಅಭ್ಯಾಸಗಳನ್ನು ದಾಖಲೆ ಮಾಡಿದ ವರದಿಯು 1969ರಲ್ಲಿ ಬೆಳಕು ಕಂಡಿತು. ಬಾಯಿಯೊಳಗಣ ಬಿಳಿಯ ಮಚ್ಚೆಗಳು ಕ್ಯಾನ್ಸರಿಗೆ ಪೂರ್ವಸೂಚನೆಯಾಗಬಲ್ಲವೆಂಬುದೂ ಅವು ಹೊಗೆಸೊಪ್ಪಿನ ಸೇವನೆಗೆ ಅಂಟಿಕೊಂಡಿವೆಯೆಂಬುದೂ ಇಂಥ ಅಧ್ಯಯನಗಳಿಂದ ದೃಢಪಟ್ಟುವು.

ವಿದ್ವಾಂಸರು ಅಷ್ಟಕ್ಕೇ ನಿಲ್ಲಲಿಲ್ಲ. 1977-78ರಿಂದ ಎರ್ಣಾಕುಲಂ, ಶ್ರೀಕಾಕುಳಂ, ಭಾವನಗರ ಜಿಲ್ಲೆಗಳಲ್ಲಿ ಹೊಗೆಸೊಪ್ಪು ಸೇವಿಸುವ 36,000ಕ್ಕೂ ಹೆಚ್ಚು ಜನರಿಗೆ ಆ ಅಭ್ಯಾಸವನ್ನು ಬಿಡುವಂತೆ ಬುದ್ಧಿ ಹೇಳುತ್ತ, ವರ್ಷವರ್ಷವೂ ಅವರ ಬಾಯಿಯನ್ನು ಪರೀಕ್ಷಿಸುತ್ತ ಬಂದರು. ಅಭ್ಯಾಸವನ್ನು ಬಿಟ್ಟವರಲ್ಲಿಯೂ ಕಡಿಮೆ ಮಾಡಿದವರಲ್ಲಿಯೂ ಬಿಳಿಯ ಮಚ್ಚೆ ಹೊಸದಾಗಿ ಮೂಡುವುದು ಇಳಿಮುಖವಾಯಿತು. ಮದ್ದಿಲ್ಲದೆ, ಯಂತ್ರವಿಲ್ಲದೆ, ಕೇವಲ ತಿಳಿವಳಿಕೆಯ ಮಾತಿನಿಂದ ರೋಗದ ಬೇರನ್ನು ಅಲುಗಾಡಿಸಬಹುದೆಂಬ ಈ ಸಿದ್ಧಾಂತವು ಅಲ್ಪವಾದುದಲ್ಲ. ಊಟದ ಮೇಲೆ ಎಲೆಯಡಿಕೆಯನ್ನು ಆತಿಥ್ಯದ ಲಕ್ಷಣವೆಂದು ಭಾವಿಸುವ ಕನ್ನಡಿಗರಿಗೆ ಇದು ಮನೆಯ ಮಾತೇ ಆಗಿದೆ. ಅಡಿಕೆಯೂ ಸ್ವತಃ ಕ್ಯಾನ್ಸರಿಗೆ ಕಾರಣವೆಂದು ಲಿಯೋನಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ನಿರ್ಣಯಿಸಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಗುಡಿಸಲ ಬಾಗಿಲಿನಲ್ಲಿ ಪರೀಕ್ಷೆ

ಸ್ತ್ರೀಯರನ್ನು ಬಾಧಿಸುವ ಗರ್ಭಕೊರಳಿನ ಕ್ಯಾನ್ಸರ್ ಹಲವು ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತದೆ. ಆರಂಭದಲ್ಲಿಯೇ ಗುರುತಿಸಿದರೆ ಅದನ್ನು ತಡೆಯಬಹುದು. ಸಂಪನ್ನ ದೇಶಗಳಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆಯಿಂದ ಈ ಕಾರ್ಯ ಸಾಧ್ಯವಾಯಿತು. ಆದರೆ ಅದಕ್ಕೆ ಬೇಕಾದ ಪ್ರಯೋಗಶಾಲೆಗಳೂ ತಜ್ಞರೂ ನಮ್ಮಲ್ಲಿ ಎಲ್ಲೆಡೆ ಇಲ್ಲ. ಹಾಗಾದರೆ ಬಡವರ ಬಡಾವಣೆಯಲ್ಲಿ ಏನು ಮಾಡಬೇಕು?

ಟಾಟಾ ಸ್ಮಾರಕ ಕೇಂದ್ರದ ವೈದ್ಯರು 1998ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಧನಸಹಾಯದಿಂದ ಮುಂಬಯಿಯ ಕೊಳೆಗೇರಿಗಳ 20 ವಿಭಾಗಗಳಲ್ಲಿ 35ರಿಂದ 64 ವರ್ಷ ವಯಸ್ಸಿನ 1,51,538 ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಯಿತು. ವಿಧಾನವು ಅತ್ಯಂತ ಸರಳವಾದುದು. ಅಡಿಗೆಯ ಮನೆಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳುವಾದ ದ್ರಾವಣವನ್ನು ಗರ್ಭಕೊರಳಿಗೆ ಸವರಿದರೆ, ವಿಕಾರ ಹೊಂದಿದ ಭಾಗವು ಒಂದು ನಿಮಿಷದಲ್ಲಿ ಬೆಳ್ಳಗಾಗಿ ಕಾಣುತ್ತದೆ. ಪರೀಕ್ಷೆ ನಡೆಸಿದವರು ವೈದ್ಯರಲ್ಲ. ಹತ್ತನೆಯ ತರಗತಿಯವರೆಗೆ ಓದಿ, ನಾಲ್ಕು ವಾರಗಳ ತರಬೇತಿ ಹೊಂದಿದ ಆರೋಗ್ಯ ಸೇವಕಿಯರು. ಡಾಕ್ಟರ್ ಸುರೇಂದ್ರ ಶಾಸ್ತ್ರಿ ಅವರೂ ಸಹೋದ್ಯೋಗಿಗಳೂ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪರೀಕ್ಷೆ ದೊರೆತ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಮರಣಗಳು ಶೇಕಡ 31ರಷ್ಟು ಕಡಿಮೆಯಾದುವು. ಈ ಪದ್ಧತಿ ದೇಶದಾದ್ಯಂತ ಜಾರಿಗೆ ಬಂದರೆ ಪ್ರತಿವರ್ಷ 22,000 ಮರಣಗಳನ್ನು ತಡೆಯಬಹುದೆಂದು ಅವರು ಅಂದಾಜು ಮಾಡಿದರು.

ಅದೇ ಮಹಿಳೆಯರಲ್ಲಿ ಕೈಯಿಂದ ಮುಟ್ಟಿ ನೋಡುವ ಸ್ತನಪರೀಕ್ಷೆಯೂ ನಡೆಯಿತು. ಇಪ್ಪತ್ತು ವರ್ಷಗಳ ತರುವಾಯ, 2021ರಲ್ಲಿ ಹೊರಬಂದ ಫಲಿತಾಂಶವು ಮಿಶ್ರವಾಗಿತ್ತು: ಒಟ್ಟು ಗುಂಪಿನಲ್ಲಿ ಮರಣದ ಇಳಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿಶ್ಚಿತವೆನಿಸಲಿಲ್ಲ, ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಮಾತ್ರ ಅದು ಶೇಕಡ 30ರ ಸಮೀಪಕ್ಕೆ ಬಂದಿತು. ಅನುಕೂಲವಾದುದನ್ನೂ ಅಲ್ಲದುದನ್ನೂ ಒಂದೇ ಬಗೆಯಾಗಿ ಪ್ರಕಟಿಸುವುದು ಶಾಸ್ತ್ರದ ಧರ್ಮ.

ಇದರ ಜೊತೆಗೆ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಬೇಕು. ಕರ್ನಾಟಕದ ಬೀದರ, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1999ರಿಂದ 1,31,746 ಗ್ರಾಮೀಣ ಮಹಿಳೆಯರ ನಡುವೆ ಅದು ನಡೆಯಿತು. ಲಿಯೋನಿನ ಸಂಸ್ಥೆ, ಟಾಟಾ ಸ್ಮಾರಕ ಕೇಂದ್ರ ಮತ್ತು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಈ ಮೂರೂ ಅದರಲ್ಲಿ ಪಾಲುಗೊಂಡವು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಎಚ್.ಪಿ.ವಿ. ಎಂಬ ವೈರಸ್ಸನ್ನು ಒಂದೇ ಒಂದು ಸಲ ಪರೀಕ್ಷಿಸಿದ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ 34 ಮರಣಗಳೂ, ಪರೀಕ್ಷೆ ನಡೆಯದ ಗುಂಪಿನಲ್ಲಿ 64 ಮರಣಗಳೂ ಸಂಭವಿಸಿದುವೆಂದು 2009ರಲ್ಲಿ ವರದಿಯಾಯಿತು. ಈ ಅಧ್ಯಯನದಲ್ಲಿ ಒಂದೇ ಸಲದ ವಿನೆಗರ್ ಪರೀಕ್ಷೆಯಿಂದ ಅಂಥ ನಿಶ್ಚಿತ ಇಳಿಕೆ ಕಂಡುಬರಲಿಲ್ಲ; ಮುಂಬಯಿಯಲ್ಲಾದರೋ ಅದೇ ಪರೀಕ್ಷೆಯನ್ನು ಎರಡೆರಡು ವರ್ಷಗಳಿಗೊಮ್ಮೆ ನಾಲ್ಕು ಸುತ್ತು ನಡೆಸಲಾಗಿತ್ತು.

ಈ ಅಧ್ಯಯನಗಳು ಒಂದು ಕಠಿನವಾದ ಪ್ರಶ್ನೆಯನ್ನೂ ಎಬ್ಬಿಸಿದುವು. ಹೋಲಿಕೆಗಾಗಿ ಇಟ್ಟ ಗುಂಪಿನ ಮಹಿಳೆಯರಿಗೆ ರೋಗದ ಬಗ್ಗೆ ತಿಳಿವಳಿಕೆ ದೊರೆಯಿತು, ಪರೀಕ್ಷೆ ದೊರೆಯಲಿಲ್ಲ. ಪರೀಕ್ಷೆಯಿಂದ ಪ್ರಯೋಜನವಿದೆಯೆಂದು ಅನ್ಯದೇಶಗಳಲ್ಲಿ ಗೊತ್ತಿದ್ದಾಗ ಹೀಗೆ ಮಾಡಿದುದು ನ್ಯಾಯವೇ ಎಂದು ವೈದ್ಯನೀತಿಯ ಚಿಂತಕರು ಆಕ್ಷೇಪಿಸಿದರು. ಆ ಪ್ರದೇಶಗಳಲ್ಲಿ ಆಗ ಯಾವ ಪರೀಕ್ಷೆಯೂ ರೂಢಿಯಲ್ಲಿರಲಿಲ್ಲ, ಆದುದರಿಂದ ಯಾರಿಂದಲೂ ಏನನ್ನೂ ಕಸಿದುಕೊಂಡಂತಾಗಲಿಲ್ಲ ಎಂಬುದು ಸಂಶೋಧಕರ ಪಕ್ಷದ ಸಮಾಧಾನ. ವಾದದ ಎರಡು ಮುಖಗಳನ್ನೂ ಅರಿತವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಬಡವರ ಶರೀರದಿಂದ ಪಡೆದ ಜ್ಞಾನವು ಬಡವರಿಗೆ ಮರಳಿ ಸಲ್ಲದಿದ್ದರೆ ಆ ಸಾಲವು ತೀರದೆ ಉಳಿಯುತ್ತದೆ.

ಪೊವಾಯಿಯ ಪ್ರಯೋಗಶಾಲೆ

ಸಹಯೋಗದ ಇತ್ತೀಚಿನ ನಿದರ್ಶನವು ಪೊವಾಯಿಯ ಐ.ಐ.ಟಿ.ಯದು. 1958ರಲ್ಲಿ ಆರಂಭವಾದ ಈ ಯಂತ್ರವಿದ್ಯಾ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಯ ಕ್ಷೇತ್ರಕ್ಕೆ ಬಂದ ಬಗೆ ಕುತೂಹಲಕರವಾಗಿದೆ. ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ರಕ್ಷಕ ಕೋಶಗಳಿವೆ. ರೋಗಿಯ ರಕ್ತದಿಂದ ಅವುಗಳನ್ನು ಬೇರ್ಪಡಿಸಿ, ನಿರುಪದ್ರವಿಯಾಗಿ ಮಾಡಿದ ವೈರಸ್ಸಿನ ಮೂಲಕ ಅವುಗಳಲ್ಲಿ ಹೊಸದೊಂದು ಜೀನನ್ನು ಸೇರಿಸಿದರೆ, ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ನಿರ್ದಿಷ್ಟ ಗುರುತನ್ನು ಪತ್ತೆಹಚ್ಚುವ ಶಕ್ತಿ ಅವಕ್ಕೆ ಬರುತ್ತದೆ. ಹೀಗೆ ಸಜ್ಜುಗೊಳಿಸಿದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಹೇರಳವಾಗಿ ಬೆಳೆಸಿ ರೋಗಿಯ ಶರೀರಕ್ಕೆ ಮರಳಿ ಹರಿಸುತ್ತಾರೆ. ಇದಕ್ಕೆ ಕಾರ್-ಟಿ ಚಿಕಿತ್ಸೆ ಎಂದು ಹೆಸರು. ಅಮೆರಿಕದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವೂ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯೂ ಕೂಡಿ 2012ರಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಬಾಲಕಿಯೊಬ್ಬಳಿಗೆ ಇದನ್ನು ಕೊಟ್ಟು ಯಶಸ್ವಿಯಾದುವು. 2017ರಲ್ಲಿ ಅಲ್ಲಿಯ ಸರಕಾರದ ಅನುಮತಿ ದೊರೆಯಿತು. ಆದರೆ ಒಬ್ಬ ರೋಗಿಗೆ ತಗಲುವ ವೆಚ್ಚ ಕೋಟಿಗಟ್ಟಲೆ ರೂಪಾಯಿ.

ಐ.ಐ.ಟಿ.ಯ ಪ್ರೊಫೆಸರ್ ರಾಹುಲ್ ಪುರವಾರ್ ಅವರ ತಂಡವು ಈ ಕೋಶಗಳ ವಿನ್ಯಾಸವನ್ನು ಸ್ವತಂತ್ರವಾಗಿ ರೂಪಿಸಿತು. ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. 2021ರ ಜೂನ್ ತಿಂಗಳಲ್ಲಿ ಖಾರ್‌ಘರಿನಲ್ಲಿ ಮೊದಲ ರೋಗಿಗೆ ಚಿಕಿತ್ಸೆ ದೊರೆಯಿತು. 2023ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಒಪ್ಪಿಗೆ ಇತ್ತಿತು; 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪೊವಾಯಿಯಲ್ಲಿ ಇದನ್ನು ದೇಶಕ್ಕೆ ಸಮರ್ಪಿಸಿದರು. 64 ರೋಗಿಗಳ ಮೇಲೆ ನಡೆದ ಪರೀಕ್ಷೆಗಳ ವಿವರ 2025ರಲ್ಲಿ ಪ್ರಕಟವಾಯಿತು. ಫಲಿತಾಂಶವನ್ನು ಅಳೆಯಲು ಸಾಧ್ಯವಾದವರಲ್ಲಿ ಶೇಕಡ 73 ಮಂದಿಗೆ ಚಿಕಿತ್ಸೆಯು ಫಲಿಸಿತೆಂದು ಅದರಿಂದ ತಿಳಿಯುತ್ತದೆ. ಬೆಲೆಯು ವಿದೇಶದ ಬೆಲೆಯ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತು.

ಇದು ಹೆಮ್ಮೆಪಡತಕ್ಕ ಸಾಧನೆ, ಸಂದೇಹವಿಲ್ಲ. ಆದರೆ ಹತ್ತನೆಯ ಒಂದು ಪಾಲೆಂದರೂ ಸುಮಾರು ಮೂವತ್ತು ನಾಲ್ವತ್ತು ಲಕ್ಷ ರೂಪಾಯಿ. ತಿಂಗಳ ಸಂಬಳದಲ್ಲಿ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹುವ ಹಣ ಇವುಗಳನ್ನು ಸರಿದೂಗಿಸುವ ಸಂಸಾರಕ್ಕೆ ಮೂರು ಕೋಟಿಯೂ ಮೂವತ್ತು ಲಕ್ಷವೂ ಒಂದೇ ತೆರನಾಗಿ ಎಟುಕದ ಮೊತ್ತಗಳು. ವಿಜ್ಞಾನದ ದಾರಿ ಮುಗಿದಲ್ಲಿಂದ ಸಮಾನತೆಯ ದಾರಿ ಆರಂಭವಾಗುತ್ತದೆ.

ಬೆಲೆಯ ಲೆಕ್ಕ

ಬೆಲೆಯನ್ನು ಇಳಿಸುವುದೂ ಸಂಶೋಧನೆಯ ವಿಷಯವೇ ಎಂದು ತೋರಿಸಿದುದು ಮುಂಬಯಿಯ ಇನ್ನೊಂದು ಕೊಡುಗೆ. ತಲೆ ಮತ್ತು ಕೊರಳಿನ ಭಾಗದ ಕ್ಯಾನ್ಸರಿಗೆ ನಿವೊಲುಮ್ಯಾಬ್ ಎಂಬ ದುಬಾರಿ ಔಷಧವನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ, ಅಂದರೆ ಮೂರು ವಾರಗಳಿಗೊಮ್ಮೆ 20 ಮಿಲಿಗ್ರಾಮ್ ಮಾತ್ರ, ಇತರ ಮದ್ದುಗಳೊಡನೆ ಕೊಟ್ಟು ಟಾಟಾ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿದರು. 151 ರೋಗಿಗಳ ಈ ಅಧ್ಯಯನದ ಫಲಿತಾಂಶವು 2022ರಲ್ಲಿ ಹೊರಬಿದ್ದಿತು. ಒಂದು ವರ್ಷದ ಬಳಿಕ ಬದುಕಿ ಉಳಿದವರು, ಔಷಧ ಸೇರಿಸದ ಗುಂಪಿನಲ್ಲಿ ಶೇಕಡ 16.3, ಸೇರಿಸಿದ ಗುಂಪಿನಲ್ಲಿ ಶೇಕಡ 43.4. ಔಷಧವನ್ನು ತಯಾರಿಸಿ ಮಾರುವವರು ಅದರ ಪ್ರಮಾಣವನ್ನು ಕಡಿಮೆ ಮಾಡುವ ಸಂಶೋಧನೆಗೆ ಸ್ವತಃ ಮುಂದಾಗುವುದು ವಿರಳ. ಇಂಥ ಪ್ರಶ್ನೆಯನ್ನು ಕೇಳಬೇಕಾದವರು ಸಾರ್ವಜನಿಕ ಆಸ್ಪತ್ರೆಗಳೂ ವಿದ್ಯಾಸಂಸ್ಥೆಗಳೂ.

2012ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಯಾನ್ಸರ್ ಜಾಲದಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಚಿಕಿತ್ಸೆಯ ಕ್ರಮಗಳನ್ನು ಏಕರೂಪಗೊಳಿಸುವುದು, ಕಠಿನವಾದ ರೋಗಗಳ ಬಗ್ಗೆ ದೂರದ ಊರಿನ ವೈದ್ಯರಿಗೆ ಸಲಹೆ ಕೊಡುವುದು, ಕೂಡಿ ಸಂಶೋಧನೆ ನಡೆಸುವುದು ಇದರ ಉದ್ದೇಶಗಳು. ಔಷಧಗಳನ್ನು ಒಟ್ಟಾಗಿ ಕೊಳ್ಳುವ ಯೋಜನೆಯನ್ನೂ ಜಾಲವು ಕೈಗೊಂಡಿತು. 40 ಔಷಧಗಳ ಮೊದಲ ಸಾಮೂಹಿಕ ಖರೀದಿಯಿಂದ ಸುಮಾರು 1,320 ಕೋಟಿ ರೂಪಾಯಿ ಉಳಿತಾಯವಾಯಿತೆಂದು 2023ರಲ್ಲಿ ವರದಿಯಾಗಿದೆ. ಬಿಡಿಬಿಡಿಯಾಗಿ ಕೊಂಡಾಗ ಸೋಲುವವರು ಕೂಡಿ ಕೊಂಡಾಗ ಗೆಲ್ಲುತ್ತಾರೆ ಎಂಬ ಸಹಕಾರ ತತ್ತ್ವವು ಇಲ್ಲಿಯೂ ಸತ್ಯವಾಯಿತು.

ಶಿಕ್ಷಣ

ಔಷಧವಿದ್ದರೂ ಅದನ್ನು ಕೊಡಬಲ್ಲ ಕೈಗಳಿಲ್ಲದಿದ್ದರೆ ಪ್ರಯೋಜನವಿಲ್ಲ. ಅಣುಶಕ್ತಿ ಇಲಾಖೆಯ ಸಂಸ್ಥೆಗಳನ್ನು ಒಗ್ಗೂಡಿಸಿ 2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಗೆ ವಿಶ್ವವಿದ್ಯಾನಿಲಯ ಸಮಾನ ಸ್ಥಾನ ಕೊಟ್ಟಂದಿನಿಂದ ಟಾಟಾ ಸ್ಮಾರಕ ಕೇಂದ್ರವೂ ಅದರ ಅಂಗವಾಗಿ ಪದವಿಶಿಕ್ಷಣ ನಡೆಸುತ್ತಿದೆ. 2019ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ಮಹಾಮನ ಮದನಮೋಹನ ಮಾಳವೀಯರ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯನ್ನು ಈ ಕೇಂದ್ರವು ತೆರೆಯಿತು. ಕರ್ನಾಟಕದಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ಚಿಕಿತ್ಸೆಯ ಜೊತೆಗೆ ತಜ್ಞರ ಶಿಕ್ಷಣವನ್ನೂ ನಡೆಸುತ್ತಿದ್ದು, ಕಲಬುರಗಿಯಲ್ಲಿ ಅದರ ಉಪಕೇಂದ್ರವೂ ಇದೆ. ಕಲಿತವನು ತನ್ನ ಊರಿನ ಸಮೀಪದಲ್ಲಿಯೇ ನೆಲೆಸುವಂತಾದರೆ, ರೋಗಿಯು ರೈಲು ಹತ್ತಿ ಮಹಾನಗರಕ್ಕೆ ಬರುವ ಕಷ್ಟ ತಪ್ಪುತ್ತದೆ.

ಒರೆಗಲ್ಲು

ಇಷ್ಟನ್ನೂ ಮುಂಬಯಿಯ ಉತ್ತರದ ಉಪನಗರವಾದ ಕಾಂದಿವಲಿಯಿಂದ ನೋಡಿದರೆ ಹೇಗೆ ಕಾಣುತ್ತದೆ? ಕಾಂದಿವಲಿಗೂ ಪರೇಲಿಗೂ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಅಂತರ. ಚಿಕಿತ್ಸೆಯಿಂದ ಬಳಲಿದವರು ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಪ್ರಭಾದೇವಿಯವರೆಗೆ ನಿಂತು ಹೋಗುವುದು ಸಣ್ಣ ಶ್ರಮವಲ್ಲ. ಜಗತ್ತಿಗೆ ಮಾದರಿಯಾದ ಪರೀಕ್ಷೆ ಇದೇ ನಗರದ ಕೊಳೆಗೇರಿಗಳಲ್ಲಿ ಸಿದ್ಧವಾಯಿತು. ಆದರೆ ಪೊಯ್ಸರದ ಅಥವಾ ಚಾರ್ಕೋಪಿನ ನಲ್ವತ್ತು ವಯಸ್ಸಿನ ಗೃಹಿಣಿಯು ಆ ಪರೀಕ್ಷೆಗೆ ಒಳಗಾಗಿದ್ದಾಳೆಯೇ? ಈ ಪ್ರಶ್ನೆಗೆ ಹೌದೆಂಬ ಉತ್ತರ ಬರುವವರೆಗೂ ಸಂಶೋಧನೆಯು ಅರ್ಧದಾರಿಯಲ್ಲಿಯೇ ಇದೆ. ಜನರು ಶತಾಬ್ದಿ ಎಂದು ಕರೆಯುವ ಕಾಂದಿವಲಿಯ ಮಹಾನಗರಪಾಲಿಕೆಯ ಆಸ್ಪತ್ರೆಯಂಥ ಸ್ಥಳೀಯ ಸಂಸ್ಥೆಗಳ ಮೂಲಕವೇ ಇಂಥ ಪರೀಕ್ಷೆ ಮನೆಮನೆಗೆ ಹತ್ತಿರವಾಗಬಲ್ಲದು.

ಭಾಷೆಯ ತೊಡಕೂ ಇದೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ಪರೇಲಿಗೆ ಬರುವ ರೋಗಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದಿರಬಹುದು. ಸಂಶೋಧನೆಯಲ್ಲಿ ಪಾಲುಗೊಳ್ಳಲು ಆತನು ಸಹಿ ಮಾಡುವ ಒಪ್ಪಿಗೆಯ ಪತ್ರವು ಆತನಿಗೆ ಅರ್ಥವಾಗದಿದ್ದರೆ ಆ ಒಪ್ಪಿಗೆಯು ಹೆಸರಿಗೆ ಮಾತ್ರ ಒಪ್ಪಿಗೆ. ಇಲ್ಲಿ ನಗರದ ಕನ್ನಡ ಸಂಘಗಳಿಗೆ ಕೆಲಸವಿದೆ. ರೋಗಿಯ ಪಕ್ಕದಲ್ಲಿ ಕುಳಿತು ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಯಹೇಳಬಲ್ಲ ಸ್ವಯಂಸೇವಕರು, ಹೊಗೆಸೊಪ್ಪಿನ ಅಪಾಯವನ್ನೂ ಪರೀಕ್ಷೆಯ ಅಗತ್ಯವನ್ನೂ ತಿಳಿಸುವ ಕಿರುಹೊತ್ತಗೆಗಳು, ಮಹಿಳಾ ವಿಭಾಗದ ಸಭೆಗಳಲ್ಲಿ ವೈದ್ಯೆಯರ ಉಪನ್ಯಾಸಗಳು, ಇವಾವುವೂ ಬಹು ಹಣವನ್ನು ಬೇಡುವ ಕಾರ್ಯಗಳಲ್ಲ.

ಪರೇಲಿನ ಆಸ್ಪತ್ರೆ, ಕೊಲಾಬಾದ ಸಂಶೋಧನಾಲಯ, ಪೊವಾಯಿಯ ವಿದ್ಯಾಪೀಠ, ಬಾರ್ಶಿಯ ಗ್ರಾಮೀಣ ಆಸ್ಪತ್ರೆ ಇವು ಕೂಡಿ ನಡೆಸಿದ ಕಾರ್ಯದಿಂದ ಒಂದು ತತ್ತ್ವ ಹೊರಡುತ್ತದೆ. ಜ್ಞಾನವು ವಿದ್ವಾಂಸರ ಸಹಯೋಗದಿಂದ ಹುಟ್ಟುತ್ತದೆ. ತರಬೇತಿ ಪಡೆದ ಸಾಮಾನ್ಯರ ಕೈಯಿಂದ ಹರಡುತ್ತದೆ. ಬೆಲೆಯು ಎಟುಕುವಂತಾದಾಗ ನೆಲೆಗೊಳ್ಳುತ್ತದೆ. ಮೊದಲ ಕಾರ್ಯದಲ್ಲಿ ಮುಂಬಯಿ ಬಹಳಷ್ಟು ಮುಂದುವರಿದಿದೆ. ಉಳಿದ ಎರಡರಲ್ಲಿ ವಿದ್ಯಾಪೀಠಗಳೊಡನೆ ಸರಕಾರವೂ ನಗರಸಭೆಯೂ ಸಮಾಜವೂ ಹೆಗಲು ಕೊಡಬೇಕಾಗಿದೆ.